ಕಲ್ಲುಬಾನಿಯ ತಣ್ಣೀರು

ಸಾರಕ್ಕಿಯ ಆ ವಠಾರದ ಗೋಡೆಯ ಮೇಲೆ ಒಂದು ಕಪ್ಪು ಗೆರೆ ಇತ್ತು. ಬೀದಿ ಬಾಗಿಲಿನ ಹತ್ತಿರ ಶುರುವಾಗಿ, ನನ್ನ ಮನೆಯ ಕಿಟಕಿಯ ಕೆಳಗೆ ಹಾದು, ಪಕ್ಕದ ಮನೆಯ ಹೊಸಿಲಿಗೆ ಹೋಗಿ ನಿಲ್ಲುತ್ತಿತ್ತು. ಸೊಂಟದ ಎತ್ತರದಲ್ಲಿ, ಸುಣ್ಣದ ಮೇಲೆ ಯಾರೋ ಎಣ್ಣೆಗೈ ಸವರಿಕೊಂಡು ಹೋದ ಹಾಗೆ. ಯುಗಾದಿಗೆ ಸುಣ್ಣ ಹೊಡೆಸಿದರೆ ದಸರೆಯ ಹೊತ್ತಿಗೆ ಮತ್ತೆ ಮೂಡಿರುತ್ತಿತ್ತು. ಅದು ಆ ಮನೆಯಲ್ಲಿದ್ದವರ ಬಲ ಅಂಗೈಯ ಗುರುತು. ಗೋಡೆ ಹಿಡಿಯದೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ.

ಒಂದು ದೀಪಾವಳಿಯ ಬೆಳಿಗ್ಗೆ ಆ ಕೈಯನ್ನು ಇಬ್ಬರು ಹೆಂಗಸರು ಬೆನ್ನ ಹಿಂದಕ್ಕೆ ತಿರುಚಿ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ಅವರು ತೀರಿಕೊಂಡು ಈಗ ಆರು ತಿಂಗಳಾಯಿತು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಒಂದು ಮಾತು ಹೆಚ್ಚಾದರೂ ಅವರು ಒಪ್ಪುತ್ತಿರಲಿಲ್ಲ.

ಹೆಸರು ಬರೆಯುವುದಿಲ್ಲ. ವಠಾರದಲ್ಲಿ ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಜಯನಗರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅವರು ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು, ನಾನು ಕನ್ನಡ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾಡಿಗೆ ಮನೆಗಾಗಿ ಅಲೆಯುತ್ತಿದ್ದ ನನ್ನನ್ನು ಅವರೇ ಕರೆದುಕೊಂಡು ಹೋಗಿ ಓನರ್ ಪಿಳ್ಳಪ್ಪನವರ ಮುಂದೆ ನಿಲ್ಲಿಸಿದರು. "ಇವರೂ ಮೇಷ್ಟ್ರೇ. ಬಾಡಿಗೆ ಸರಿಯಾಗಿ ಕೊಡಬಹುದು" ಎಂದರು.

"ಕೊಡಬಹುದು ಅಂದ್ರೆ ಏನ್ ಮೇಡಂ? ಕೊಡ್ತಾರಾ ಇಲ್ವಾ?"

"ಒಂದು ತಿಂಗಳು ನೋಡಿದ್ರೆ ಗೊತ್ತಾಗುತ್ತೆ."

ಪಿಳ್ಳಪ್ಪನವರು ನನ್ನ ಕಡೆ ತಿರುಗಿ ನಕ್ಕರು. "ಈ ಮೇಡಮ್ಮನ್ನ ಕೋರ್ಟಲ್ಲಿ ಸಾಕ್ಷಿಗೆ ಕರೆದ್ರೆ ಎರಡು ಕಡೆಯೋರೂ ಸೋಲ್ತಾರೆ ಕಣಮ್ಮ."

'ಇರಬಹುದು' ಎನ್ನುವುದು ಅವರ ಬಾಯಿಗೆ ಅಂಟಿಕೊಂಡಿದ್ದ ಮಾತು. ತಲೆಯನ್ನು ಒಂದು ಕಡೆಗೆ ಸ್ವಲ್ಪ ಓರೆ ಮಾಡಿ ಹೇಳುವರು. ಮಳೆ ಬರುತ್ತಾ ಎಂದರೂ ಅದೇ, ಪರೀಕ್ಷೆಗೆ ಆ ಪ್ರಶ್ನೆ ಬರುತ್ತಾ ಎಂದರೂ ಅದೇ. ಆದರೆ ಗೊತ್ತಿದ್ದದ್ದನ್ನು ಹೇಳುವಾಗ ಆ ಮಾತು ಬರುತ್ತಿರಲಿಲ್ಲ. ಆಗ ತಲೆ ನೆಟ್ಟಗಿರುತ್ತಿತ್ತು.

ಪಿಳ್ಳಪ್ಪನವರ ಹೊಲ ಬಡಾವಣೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ದನದ ಕೊಟ್ಟಿಗೆ ಕೆಡವಿ ಸಾಲಾಗಿ ಮನೆ ಕಟ್ಟಿಸಿದ್ದರು. ಎತ್ತು ಮಾರಿದ್ದರು. ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲುಬಾನಿಯೊಂದು ಮಾತ್ರ ಅಂಗಳದ ಹೊಂಗೆ ಮರದ ಕೆಳಗೆ ಉಳಿದಿತ್ತು. ಒಂದೇ ಬಂಡೆಯಲ್ಲಿ ಕಡೆದದ್ದು, ಒಬ್ಬರು ಕಾಲು ನೀಡಿ ಕೂರುವಷ್ಟು ದೊಡ್ಡದು. ಎತ್ತಿ ಸಾಗಿಸಲು ಆಗದೆ ಬಿಟ್ಟಿದ್ದರು. ಹೆಂಗಸರು ಅದರಲ್ಲಿ ಬಟ್ಟೆ ನೆನೆಹಾಕುತ್ತಿದ್ದರು.

ಮನೆಯ ಯಜಮಾನಿಕೆ ಪಿಳ್ಳಪ್ಪನವರ ತಾಯಿಯದು. ಅಜ್ಜಿ ಎಂದರೆ ವಠಾರಕ್ಕೆಲ್ಲ ಅವರೊಬ್ಬರೇ. ಒಂದು ಬೇಸಿಗೆಯಲ್ಲಿ ಕೆರೆಯಂಚಿನ ಬಾವಿಯ ನೀರು ಕುಡಿದು ಸುತ್ತಮುತ್ತ ಕಾಮಾಲೆ ಹಬ್ಬಿದಾಗ ಮೇಡಂ ಮನೆಮನೆಗೂ ಹೋದರು. ನೀರನ್ನು ಬೆಚ್ಚಗೆ ಮಾಡಿದರೆ ಸಾಲದು, ಕೊತಕೊತ ಕುದಿಸಬೇಕು. ರೋಗ ತರುವುದು ಕಣ್ಣಿಗೆ ಕಾಣದ ವೈರಸ್ಸು, ಕುದಿಸಿದರೆ ಅದು ಸಾಯುತ್ತೆ ಎಂದು ಒಲೆಯ ಮುಂದೆ ಕೂತು ತೋರಿಸಿಕೊಟ್ಟರು. ಯಾರು ಕೇಳಿದರೋ ಬಿಟ್ಟರೋ, ಅಜ್ಜಿ ಕೇಳಿದರು. ಅಂದಿನಿಂದ ಅವರ ಮನೆಯಲ್ಲಿ ಕುದಿಯದ ನೀರಿಲ್ಲ. ಬಂದ ನೆಂಟರಿಗೂ ಹೇಳುವರು: "ವೈರಸ್ಸು ಅಂತ ಒಂದು ಐತಂತೆ ಕಣ್ರವ್ವ. ಕುದ್ಸುದ್ರೆ ಸಾಯ್ತದಂತೆ. ನಮ್ ಮೇಡಮ್ಮ ಯೋಳವ್ರೆ."

ಅದೇ ವರ್ಷವೋ ಮರುವರ್ಷವೋ, ನಾಯಿಯ ಪ್ರಸಂಗ ನಡೆಯಿತು. ಹಿಂಗಾಲು ಎಳೆದುಕೊಂಡು ಒಂದು ನಾಯಿ ವಠಾರದ ಗೇಟಿನ ಹತ್ತಿರ ಬಂತು. ಬಾಯಲ್ಲಿ ಜೊಲ್ಲಿತ್ತು. ಬಿಸಿಲಿತ್ತು, ಎಲ್ಲ ನಾಯಿಗಳ ಬಾಯಲ್ಲೂ ಜೊಲ್ಲಿರುವ ಹೊತ್ತು. ಪಿಳ್ಳಪ್ಪನವರ ಹೆಂಡತಿ ಗೌರಮ್ಮನ ತಮ್ಮ ಸೀನ, ಸೈಕಲ್ ಶಾಪ್ ಇಟ್ಟಿದ್ದವನು, "ಹುಚ್ಚುನಾಯಿ, ಹುಚ್ಚುನಾಯಿ" ಎಂದು ಕೂಗಿ ಹಾರೆ ತಂದ. ಮೊದಲ ಏಟಿಗೆ ಅದರ ಬೆನ್ನು ಮುರಿಯಿತು. ಅದು ಮುಂಗಾಲಲ್ಲೇ ತೆವಳಿ ಬಾನಿಯ ಕಡೆಗೆ ಹೋಯಿತು, ನೀರಿನ ವಾಸನೆಗೋ ಏನೋ. ಬೀದಿಯವರೆಲ್ಲ ಕಲ್ಲು ಎತ್ತಿಕೊಂಡಿದ್ದರು. ಅದರ ಕೂಗು ನಿಂತ ಮೇಲೂ ಹೊಡೆಯುತ್ತಲೇ ಇದ್ದರು. ಮುಖ ಯಾವುದು, ಹೊಟ್ಟೆ ಯಾವುದು ತಿಳಿಯದ ಹಾಗಾಗುವವರೆಗೆ ಹೊಡೆದರು.

ಮೇಡಂ ಓಡಿ ಬಂದಾಗ ಎಲ್ಲ ಮುಗಿದಿತ್ತು. ಅವರು ಸೀನನ ಕೈಯ ಹಾರೆಯನ್ನು ನೋಡಿದರು. "ಕಟ್ಟಿಹಾಕಿ ಹತ್ತು ದಿವಸ ಕಾದಿದ್ರೆ ಹುಚ್ಚೋ ಅಲ್ವೋ ಗೊತ್ತಾಗ್ತಿತ್ತು."

"ಹತ್ ದಿನದಲ್ಲಿ ಯಾರಿಗಾದ್ರೂ ಕಚ್ಚುದ್ರೆ?"

"ಅದಕ್ಕೇ ಕಟ್ಟಿಹಾಕಿ ಅಂದಿದ್ದು, ಸೀನ."

"ಹೋಗಿ ಮೇಡಂ, ನಿಮ್ದು ಎಲ್ಲಾ ಪುಸ್ತಕದ್ದು" ಎಂದು ಅವನು ಹಾರೆಯನ್ನು ಅದೇ ಬಾನಿಯ ನೀರಿನಲ್ಲಿ ತೊಳೆದ.

ಅವರ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅಜ್ಜಿಯ ಬಚ್ಚಲಿನಲ್ಲಿ. ನರಕ ಚತುರ್ದಶಿಯ ದಿನ ವಠಾರದ ಹೆಂಗಸರಿಗೆಲ್ಲ ಅಜ್ಜಿ ತಮ್ಮ ಕೈಯಾರೆ ತಲೆಗೆ ಎಣ್ಣೆ ಒತ್ತಿ, ಹಂಡೆಯ ನೀರು ಹೊಯ್ಯುತ್ತಿದ್ದರು. ಬಾಡಿಗೆಯವರು, ಮನೆಯವರು ಎಂಬ ಭೇದವಿರಲಿಲ್ಲ. ಬೇಡ ಎಂದವರ ಜೊತೆ ಅಜ್ಜಿ ಕಾರ್ತಿಕ ಮುಗಿಯುವವರೆಗೂ ಮಾತಾಡುತ್ತಿರಲಿಲ್ಲ. ನೀರು ಎಷ್ಟು ಸುಡುತ್ತಿತ್ತೆಂದರೆ ಮೈ ಕೆಂಪಾಗಿ, ಹೊರಗೆ ಬಂದ ಮೇಲೂ ತಲೆಯಿಂದ ಹಬೆ ಏಳುತ್ತಿತ್ತು. ಆ ವರ್ಷ ಮೇಡಂ ಸ್ನಾನ ಮುಗಿಸಿ ಬಚ್ಚಲಿನ ಬಾಗಿಲಿಗೆ ಬಂದರು, ಚೌಕಟ್ಟು ಹಿಡಿದರು, ಹಾಗೆಯೇ ಕುಸಿದರು. ಒದ್ದೆ ಸೀರೆ ಹಗ್ಗದಿಂದ ಜಾರಿ ಬೀಳುವ ಹಾಗೆ ಬಿದ್ದರು. ಎಚ್ಚರವಿತ್ತು, ಕಾಲು ಮಾತ್ರ ಇರಲಿಲ್ಲ. "ನಿಮ್ಮ ಮುಖ ಮಬ್ಬಾಗಿದೆ" ಎಂದು ನನಗೆ ಹೇಳಿದರು. ಮೈ ಆರಿದ ಮೇಲೆ ಎದ್ದು ನಡೆದರು. ಅಜ್ಜಿ ದೃಷ್ಟಿ ತೆಗೆದರು.

ಮುಂದೆ ಅದು ಬೇಸಿಗೆಯಲ್ಲಿ ಬಂತು, ಜ್ವರದಲ್ಲಿ ಬಂತು, ಕೊನೆಗೆ ಕಾರಣವಿಲ್ಲದೆಯೂ ಬಂತು. ಕತ್ತು ಬಗ್ಗಿಸಿದರೆ ಬೆನ್ನಹುರಿಯಲ್ಲಿ ಕರೆಂಟು ಹೊಡೆದ ಹಾಗೆ ಆಗುತ್ತಿತ್ತು. "ಅದಕ್ಕೇ ನಾನು ಪ್ರಿನ್ಸಿಪಾಲರಿಗೂ ತಲೆ ಬಗ್ಗಿಸಲ್ಲ" ಎಂದು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದರು. ನರರೋಗದ ಆಸ್ಪತ್ರೆಯ ಹಿರಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕೊನೆಗೆ "ಬಿಸಿನೀರು ಸ್ನಾನ ಮಾಡಿದ್ರೆ ಏನಾಗುತ್ತಮ್ಮ?" ಎಂದು ಕೇಳಿದರಂತೆ. ಮೇಡಂ ಅಲ್ಲಿಂದ ಬಂದವರೇ ಅಜ್ಜಿಗೆ ಹೇಳಿದರು: "ಅಜ್ಜಿ, ಡಾಕ್ಟರು ಮಾಡಬೇಕಿದ್ದ ಟೆಸ್ಟನ್ನ ನೀವೇ ಮೊದಲು ಮಾಡಿಬಿಟ್ಟಿದ್ರಿ."

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರನ್ನು ನಾನು ಆಗಲೇ ಮೊದಲು ಕೇಳಿದ್ದು. ಅವರು ಬಿಡಿಸಿ ಹೇಳಿದರು. ನರ ಎಂದರೆ ಕರೆಂಟಿನ ವೈರು ಇದ್ದ ಹಾಗೆ. ಅದರ ಮೇಲಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿದೆ. ಮೈ ಬಿಸಿಯಾದರೆ ಕಿತ್ತ ಜಾಗ ದಾಟಿ ಕರೆಂಟು ಹರಿಯುವುದಿಲ್ಲ, ತಣ್ಣಗಾದರೆ ಮತ್ತೆ ಹರಿಯುತ್ತದೆ.

"ಕಿತ್ತಿದ್ದು ಯಾರು?" ಎಂದೆ.

"ಹೊರಗಿನವರಲ್ಲ. ಮೈಯನ್ನ ಕಾಯೋಕೆ ಅಂತ ರಕ್ತದಲ್ಲಿ ಕೆಲವು ಕಣ ಇರುತ್ತವಲ್ಲ, ಅವೇ. ಮನೆಯವರನ್ನೇ ಕಳ್ಳರು ಅಂದ್ಕೊಂಡು ಹೊಡೀತಿವೆ."

"ಯಾಕೆ?"

"ಯಾಕೆ ಅಂತ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ ಕಣೇ." ಗೊತ್ತಿಲ್ಲ ಎನ್ನುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ.

ಬಾನಿಯನ್ನು ಕಂಡುಕೊಂಡದ್ದು ಅವರೇ. ಕಾಲೇಜು ಮುಗಿಸಿ ಸಂಜೆ ಬಸ್ಸಿಳಿದು ಬರುವಾಗ ಕಾಲು ಹೆಣವಾಗಿರುತ್ತಿತ್ತು. ಗೋಡೆ ಹಿಡಿದು, ಹಳೆಯ ನೂಲಿನ ಸೀರೆಯಲ್ಲೇ ಬಾನಿಗೆ ಇಳಿದು, ಕತ್ತಿನವರೆಗೆ ತಣ್ಣೀರಿನಲ್ಲಿ ಕೂರುವರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಗೋಡೆ ಮುಟ್ಟದೆ, ನೆಟ್ಟಗೆ ನಡೆದು ಮನೆಗೆ ಹೋಗುವರು. ಹೋಗುವಾಗ ಕುಂಟು, ಬರುವಾಗ ನೇರ. ವಠಾರದವರೆಲ್ಲ ದಿನವೂ ಇದನ್ನು ಕಣ್ಣಾರೆ ನೋಡುತ್ತಿದ್ದರು. ಮೊದಮೊದಲು ತಮಾಷೆ ಮಾಡಿದರು.

"ಏನ್ ಮೇಡಂ, ಎಮ್ಮೆ ಥರ ನೀರಲ್ಲಿ ಬಿದ್ಕೊಂಡಿದ್ದೀರಾ?" ಎನ್ನುವರು ಗೌರಮ್ಮ.

"ಎಮ್ಮೆಗೆ ಇರೋ ಬುದ್ಧಿ ನನಗೆ ಈಗ ಬಂತು ಗೌರಮ್ಮ."

ಚಿಕ್ಕಲಸಂದ್ರದಲ್ಲಿದ್ದ ತಂಗಿ, ನಮ್ಮ ಮನೆಗೇ ಬಂದುಬಿಡು ಎಂದು ಕರೆಯುತ್ತಲೇ ಇದ್ದರು. ಇವರು ಹೋಗಲಿಲ್ಲ. ಅವರ ಕೆಲಸ, ಅವರದೇ ಆದ ಬೀಗದ ಕೈ, ಬೆಳಿಗ್ಗೆ ಎದ್ದು ತಾವೇ ಕಾಫಿ ಇಳಿಸಿ ಕುಡಿಯುವುದು, ಎಲ್ಲ ಆ ಕಲ್ಲಿನ ಮೇಲೆ ನಿಂತಿತ್ತು. "ಈ ಬಾನಿ ಇರೋವರೆಗೂ ನನಗೆ ಕಾಲಿದೆ" ಎನ್ನುತ್ತಿದ್ದರು.

ಎಂಬತ್ತರ ದಶಕ ಅರ್ಧ ಕಳೆದಿರಬೇಕು. ಒಂದು ಶನಿವಾರ ಅವರು ಊರಿನ ದೊಡ್ಡ ಗ್ರಂಥಾಲಯವೊಂದಕ್ಕೆ ಹೋಗಿ, ಹೊರದೇಶದ ವಿಜ್ಞಾನ ಪತ್ರಿಕೆ ಓದಿಕೊಂಡು ಬಂದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡಿರಲಿಲ್ಲ. ತಮ್ಮ ಕಾಯಿಲೆಯೇ ಇರುವ ಕೆಲವರ ರಕ್ತದಲ್ಲಿ ರೆಟ್ರೊವೈರಸ್ ಜಾತಿಯ ಒಂದು ವೈರಸ್ಸಿನ ಸುಳಿವು ಕಂಡಂತಿದೆ ಎಂದು ಅದರಲ್ಲಿತ್ತಂತೆ. ಸಂಜೆ ಹೊಂಗೆ ಮರದ ಕೆಳಗೆ ಬಾನಿಯಲ್ಲಿ ಕೂತು, ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೇ ಅದನ್ನು ವಿವರಿಸಿದರು. ಪಿಳ್ಳಪ್ಪನವರೂ ಸೀನನೂ ಅಲ್ಲೇ ಇದ್ದರು. ನಾನು ನನ್ನ ಬಾಗಿಲಲ್ಲಿ ಕೂತಿದ್ದೆ.

"ಬೇರೆ ವೈರಸ್ಸು ಮನೆಗೆ ನುಗ್ಗಿ ದೋಚ್ಕೊಂಡು ಹೋಗುತ್ತೆ ಅಜ್ಜಿ. ಇದು ಹಾಗಲ್ಲ. ಒಳಗೆ ಬಂದು ನಿಮ್ಮ ಮನೆ ಖಾತೆಯಲ್ಲೇ ತನ್ನ ಹೆಸರು ಬರೆಸ್ಕೊಂಡುಬಿಡುತ್ತೆ. ಆಮೇಲೆ ಮನೆಯವರು ಯಾರು, ಬಂದವರು ಯಾರು ಅಂತ ಕಾವಲಿನವರಿಗೆ ತಿಳಿಯಲ್ಲ. ಎಲ್ಲರಿಗೂ ಹೊಡೀತಾರೆ. ನನ್ನ ನರಕ್ಕೆ ಆಗಿರೋದೂ ಹೀಗೇ ಇರಬಹುದು."

ಖಾತೆ ಎಂದರೆ ಏನೆಂದು ಹೊಲ ಕಳೆದುಕೊಂಡ ಆ ಮನೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿಯ ಕೈ ನಿಂತಿತು. "ಅಂಗಾರೆ ಅದನ್ನ ಆಚೆ ಆಕಾದು ಎಂಗವ್ವ?"

"ಆಚೆ ಹಾಕೋಕೆ ಆಗಲ್ಲ ಅಜ್ಜಿ. ಇನ್ನೂ ಅದೇ ಹೌದೋ ಅಲ್ವೋ ಅಂತಲೇ ಗೊತ್ತಿಲ್ಲ. ಆದ್ರೆ ಹುಡುಕೋಕೆ ಒಂದು ದಾರಿ ಸಿಕ್ಕಿದೆ."

ಸೀನ ಕೇಳಿದ: "ರೆಟ್ರೊವೈರಸ್ ಅಂದ್ರಲ್ಲ ಮೇಡಂ. ಪೇಪರಲ್ಲಿ ಬರ್ತಿದೆಯಲ್ಲ, ಏಯ್ಡ್ಸು, ಅದೂ ಅದೇ ಜಾತಿನಾ?"

ಆ ವರ್ಷ ಪತ್ರಿಕೆ ತೆರೆದರೆ ಅದೇ ಸುದ್ದಿ. ಮುಟ್ಟಿದರೆ ಸಾವು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಮೇಡಂ ತಲೆ ಓರೆ ಮಾಡಲಿಲ್ಲ. "ಹೌದು, ಅದೇ ಕುಟುಂಬ. ಆದ್ರೆ ಬೆಕ್ಕೂ ಹುಲಿನೂ ಒಂದೇ ಕುಟುಂಬ ಸೀನ. ಬೆಕ್ಕು ಕಂಡ್ರೆ ಓಡಿಹೋಗ್ತೀಯಾ?"

ಎಲ್ಲರೂ ನಕ್ಕರು, ಸೀನನೂ ನಕ್ಕ. ಅವನ ಸೈಕಲ್ ಶಾಪಿಗೆ ಆ ಮಾತಿನ ಮೊದಲ ಅರ್ಧವಷ್ಟೇ ಹೋಯಿತು.

ದೀಪಾವಳಿಗೆ ಇನ್ನೂ ಕೆಲವು ವಾರ ಇದ್ದಾಗ ಪಿಳ್ಳಪ್ಪನವರ ಮಗಳು ಶಶಿ ಹೆರಿಗೆಗೆ ಬಂದಳು. ಕಾಲು ಊದಿಕೊಂಡಿತ್ತು. ಮೇಡಂಗೆ ಬಾನಿಯ ನೀರಿನಿಂದ ಹಿತವಾಗುವುದನ್ನು ನೋಡಿ ಅವಳೂ ಮಧ್ಯಾಹ್ನದ ಹೊತ್ತು ಅದರಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಒಂದು ದಿನ ಎದ್ದವಳು "ಅಮ್ಮ, ಎಡಗಾಲು ಜೋಮು ಹಿಡಿದಿದೆ, ಬಿಡ್ತಾನೇ ಇಲ್ಲ" ಎಂದಳು.

ಅಷ್ಟು ಸಾಕಾಯಿತು. ಮಾರನೆಯ ದಿನ ನಲ್ಲಿಯ ಹತ್ತಿರ ಹೆಂಗಸರು ಆಡುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. ಕುಂಟುತ್ತ ಬಾನಿಗೆ ಇಳಿಯುತ್ತಾಳೆ, ನೆಟ್ಟಗೆ ಎದ್ದು ಹೋಗುತ್ತಾಳೆ. ಹಾಗಾದರೆ ಆ ಕುಂಟು ಎಲ್ಲಿ ಹೋಯಿತು? ನೀರಿನಲ್ಲಿ ಉಳಿಯಿತು. ವೈರಸ್ಸು ನೀರಿನಲ್ಲಿರುತ್ತದೆ ಎಂದು ಕಾಮಾಲೆಯ ವರ್ಷ ಅವಳೇ ಹೇಳಲಿಲ್ಲವೇ? ಮಾತಿನಲ್ಲಿ ಬಹುವಚನ ಹೋಗಿತ್ತು.

ಅವರ ಬಾಗಿಲಿಗೆ ಯಾರೋ ಸಗಣಿ ಎಸೆದರು. ಹಾಲಿನವನು ಹಾಲು ಹಾಕುವುದನ್ನು ನಿಲ್ಲಿಸಿದ. ಒಂದು ಸಂಜೆ ಬಾನಿಯಲ್ಲಿ ಕೂತಿದ್ದವರ ಮೇಲೆ ಕಲ್ಲು ಬಂತು. ಕಿವಿಯ ಮೇಲೆ ಚರ್ಮ ಹರಿದು, ನೀರು ಕೆಂಪಾಯಿತು. ಆ ಕೆಂಪು ನೀರು ನೋಡಿ ಬೀದಿಯವರು ಇನ್ನಷ್ಟು ಹೆದರಿದರು.

ಹಬ್ಬದ ಹಿಂದಿನ ದಿನ ಪಿಳ್ಳಪ್ಪನವರು ಬಂದರು. ಒಳಗೆ ಬರದೆ ಹೊಸಿಲಾಚೆ ನಿಂತರು. ನಾನು ಮೇಡಂ ಕಿವಿಗೆ ಹತ್ತಿ ಒತ್ತುತ್ತಿದ್ದೆ.

"ಮೇಡಂ, ನಿಮ್ ಕಾಲ್ಗೆ ಬೀಳ್ತೀನಿ. ನಾಳೆ ಬೆಳಿಗ್ಗೆ ಎಲ್ಲಾರೂ ಅಂಗಳದಲ್ಲಿ ಇರ್ತಾರೆ. ಇದು ವೈರಸ್ಸೇ ಅಲ್ಲ ಅಂತ ಒಂದ್ ಮಾತು ಅಂದ್ಬಿಡಿ. ನಾನು ಎಲ್ಲಾ ನೋಡ್ಕೊಂತೀನಿ. ಮನೆನೂ ನಿಮ್ದೇ, ಬಾನಿನೂ ನಿಮ್ದೇ."

"ಈ ಕಾಯಿಲೆಯವರ ಜೊತೆ ಒಂದೇ ಮನೆಯಲ್ಲಿ ಇದ್ದವರಿಗೆ, ಒಂದೇ ನೀರು ಮುಟ್ಟಿದವರಿಗೆ ಇದು ಅಂಟಿದ್ದನ್ನ ಯಾರೂ ಕಂಡಿಲ್ಲ. ಅದನ್ನ ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ."

"ಅದು ಅವರಿಗೆ ಅರ್ಥ ಆಗಲ್ಲ ಮೇಡಂ. ಅಲ್ಲ ಅನ್ನಿ, ಸಾಕು."

"ಅಲ್ಲ ಅಂತ ನನಗೆ ಗೊತ್ತಿಲ್ಲ ಪಿಳ್ಳಪ್ಪನವರೇ."

ಅವರು ಹೋದ ಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ: "ಒಂದು ಸುಳ್ಳು ಹೇಳಿದ್ರೆ ಏನಾಗುತ್ತೆ ಮೇಡಂ? ನಿಮ್ಮ ಕಾಲು ಉಳಿಯುತ್ತೆ."

"ನಾಳೆ ಅದು ವೈರಸ್ಸೇ ಅಂತ ಗೊತ್ತಾಯ್ತು ಅನ್ನು. ಆಗ ನೀರು ಕುದಿಸಿ ಕುಡೀರಿ ಅಂದ ಮಾತನ್ನೂ ಯಾರೂ ನಂಬಲ್ಲ. ಆ ಮಾತು ನಿಜ ಕಣೇ. ಅದು ಉಳೀಬೇಕು."

ಚತುರ್ದಶಿಯ ಬೆಳಕು ಹರಿದಿತ್ತು. ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ಮೇಡಂ ಹೊರಗೆ ಬಂದು, ಗೋಡೆ ಹಿಡಿದು ನಿಂತು, ಅಂಗಳದಲ್ಲಿದ್ದವರಿಗೆ ಹಿಂದಿನ ದಿನ ಹೇಳಿದ್ದನ್ನೇ ಹೇಳಿದರು. ನೀರಿನಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ. "ವೈರಸ್ಸಾ, ಅಲ್ವಾ? ಅಷ್ಟು ಹೇಳು" ಎಂದು ಸೀನ ಕೂಗಿದ. ಅವರು ತಲೆ ಓರೆ ಮಾಡಿದರು. "ಇರಬಹುದು" ಎಂದರು.

ಆಮೇಲೆ ನಡೆದದ್ದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಎಷ್ಟೋ ಸಲ ಜೋಡಿಸಿ ನೋಡಿದ್ದೇನೆ. ಅಜ್ಜಿ ಮುಂದೆ ಬಂದದ್ದು ಮೊದಲು. ಅವರ ಕೈಯಲ್ಲಿ ಎಣ್ಣೆಯ ಬಟ್ಟಲಿತ್ತು. "ಯಾರೂ ಒಡೀಬ್ಯಾಡ್ರಿ. ನಾನು ವಾಸಿ ಮಾಡ್ತೀನಿ" ಎಂದರು. ಗೌರಮ್ಮ ಮತ್ತು ಇನ್ನೊಬ್ಬರು ಮೇಡಂ ಕೈಯನ್ನು ಗೋಡೆಯಿಂದ ಕಿತ್ತು ಹಿಂದಕ್ಕೆ ತಿರುಚಿದರು. ಬಚ್ಚಲಿಗೆ ಎಳೆದುಕೊಂಡು ಹೋದರು. ನಾನು ಹಿಂದೆ ಓಡಿ ಬಾಗಿಲ ಸಂದಿನಲ್ಲಿ ಕೈ ಇಟ್ಟೆ. ಸೀನ ಹೊರಗಿನಿಂದ ಬಾಗಿಲನ್ನು ಒದ್ದ. ನನ್ನ ಕಿರುಬೆರಳಿನ ಮೂಳೆ ಮುರಿದದ್ದು ಆಗ. ಕೈ ಸಿಕ್ಕಿಕೊಂಡದ್ದರಿಂದ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಆ ಸಂದಿನಲ್ಲಿ ನಾನು ನೋಡಿದೆ.

ಹಂಡೆ ಕುದಿಯುತ್ತಿತ್ತು. ಬೆರೆಸಲು ತಣ್ಣೀರು ಇಟ್ಟಿರಲಿಲ್ಲ. ಮೇಡಂ ಅವರನ್ನು ಬಚ್ಚಲ ಕಲ್ಲಿನ ಮೇಲೆ ಕೆಡವಿ, ಒಬ್ಬಳು ಕಾಲಿನ ಮೇಲೆ ಕೂತಿದ್ದಳು. ಅಜ್ಜಿ ತಲೆಗೆ ಎಣ್ಣೆ ಒತ್ತುತ್ತಿದ್ದರು, ಪ್ರತಿ ವರ್ಷ ಒತ್ತುವಷ್ಟೇ ಮೆತ್ತಗೆ.

"ಬೇಡ ಅಜ್ಜಿ. ಅಜ್ಜಿ, ಕಾಲು ಹೋಗುತ್ತೆ."

ಅಜ್ಜಿ ಅಳುತ್ತಿದ್ದರು. "ನಿನ್ ಒಳ್ಳೇದ್ಕೇ ಕಣವ್ವ. ನೀನೇ ಯೋಳಿದ್ದಲ್ಲವ್ವ, ಕುದ್ಸುದ್ರೆ ಸಾಯ್ತದೆ ಅಂತ. ಸಾಯ್ಲಿ ಅದು. ನೀ ಬದುಕ್ಕೊ."

ಮೊದಲ ಚೊಂಬು ಬೆನ್ನಿನ ಮೇಲೆ ಬಿತ್ತು. ಸೀರೆ ಮೈಗೆ ಅಂಟಿಕೊಂಡಿತು. ಮೇಡಂ ಹಲ್ಲು ಕಚ್ಚಿದ್ದರು. ಅಜ್ಜಿ ನಿಲ್ಲಿಸಲಿಲ್ಲ. ಹುಯ್ಯುತ್ತ ದೇವರ ಹೆಸರು ಹೇಳುತ್ತಿದ್ದರು. ಎದುರಿಗೆ ಹಬೆ, ಹಬೆಯೊಳಗೆ ಒದ್ದಾಡುವ ಒಂದು ಪಾದ. ಗೌರಮ್ಮ ಕತ್ತನ್ನು ಹಿಡಿದು ಮುಂದಕ್ಕೆ ಒತ್ತಿದಾಗ ಮೇಡಂ ಕೂಗಿದರು. ಅಂಥ ಕೂಗನ್ನು ನಾನು ಮನುಷ್ಯರ ಬಾಯಿಂದ ಕೇಳಿರಲಿಲ್ಲ. ಅದು ಮುಗಿದಾಗ ಆ ಪಾದ ಒದ್ದಾಡುವುದನ್ನು ನಿಲ್ಲಿಸಿತ್ತು. ಕಾಲಿನ ಮೇಲೆ ಕೂತಿದ್ದವಳಿಗೂ ಅದು ತಿಳಿದಿರಬೇಕು. ಅವಳು ತಾನಾಗಿ ಎದ್ದಳು.

ಆ ಹೊತ್ತಿಗೆ ಅಂಗಳದಲ್ಲಿ ಸೀನನೂ ಅವನ ಜೊತೆಯವರೂ ಸಮ್ಮಟಿಗೆಯಿಂದ ಬಾನಿಯನ್ನು ಒಡೆಯುತ್ತಿದ್ದರು. ಒಂದೊಂದು ಏಟಿಗೂ ಕಲ್ಲಿನ ಚೂರು ಹಾರಿ ಗೋಡೆಗೆ ಬಡಿಯುತ್ತಿತ್ತು. ಬೀದಿಯ ಪಟಾಕಿಯಲ್ಲಿ ಆ ಸದ್ದೂ ಸೇರಿಹೋಯಿತು. ಬಾನಿ ಸೀಳಿದಾಗ ನೀರೆಲ್ಲ ಒಮ್ಮೆಲೇ ಅಂಗಳಕ್ಕೆ ನುಗ್ಗಿತು. ಅದು ತಮ್ಮ ಪಾದಕ್ಕೆ ತಾಗದಿರಲಿ ಎಂದು ಒಡೆದವರೇ ಕೂಗಿಕೊಂಡು ಓಡಿದರು. ಪಿಳ್ಳಪ್ಪನವರು ಗೇಟಿಗೆ ಒರಗಿ ನಿಂತಿದ್ದರು. ಯಾರನ್ನೂ ಹೊಡೆಯಲಿಲ್ಲ, ಯಾರನ್ನೂ ತಡೆಯಲಿಲ್ಲ.

ಬಾಗಿಲು ತೆರೆಯಿತು. ಮೇಡಂ ಎರಡು ಕೈಗಳ ಮೇಲೆ ತೆವಳಿಕೊಂಡು ಹೊರಗೆ ಬಂದರು. ಬೆನ್ನಿನಿಂದ ಹಬೆ ಏಳುತ್ತಿತ್ತು. ಅವರು ಬಾನಿಯ ಕಡೆಗೆ ಹೋಗುತ್ತಿದ್ದರು. ಕಣ್ಣು ಮಬ್ಬಾಗಿದ್ದರಿಂದ ಅದು ಒಡೆದುಹೋಗಿದ್ದು ಅವರಿಗೆ ಕಂಡಿರಲಾರದು. ಕೈಗೆ ತಗುಲಿದ ಒದ್ದೆ ಕಲ್ಲಿನ ಚೂರನ್ನು ಸವರಿದರು, ಇನ್ನೊಂದನ್ನು ಸವರಿದರು. ಕೊನೆಗೆ ಕೆಸರಿನಲ್ಲಿ ನಿಂತಿದ್ದ ಸ್ವಲ್ಪ ನೀರಿಗೆ ಕೆನ್ನೆ ಇಟ್ಟು ಮಲಗಿದರು.

ಆಸ್ಪತ್ರೆಯಲ್ಲಿ ಬೆನ್ನಿನ ಸುಟ್ಟ ಗಾಯ ಮಾಯಿತು. ಕಣ್ಣು ಅರ್ಧ ಬಂತು. ಕಾಲು ಬರಲಿಲ್ಲ. ಶಶಿಗೆ ಹೆರಿಗೆಯಾಯಿತು, ಊತ ಇಳಿಯಿತು, ಜೋಮು ಹೋಯಿತು.

ಪೊಲೀಸರನ್ನು ಕರೆಸಿದ್ದು ನಾನು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಹಿಡಿದದ್ದು, ಹುಯ್ದದ್ದು, ಕಲ್ಲು ಒಡೆದದ್ದು, ಎಲ್ಲವನ್ನೂ ಮೇಡಂ ಯಾರು ಯಾರು ಎಂದು ಹೆಸರು ಹಿಡಿದು ಹೇಳಿದರು. ಏನನ್ನೂ ಮುಚ್ಚಲಿಲ್ಲ.

"ಆ ಬಿಸಿನೀರಿಂದಲೇ ನಿಮ್ಮ ಕಾಲು ಹೋಯ್ತು. ಅಲ್ವಾ ಮೇಡಂ? ಖಂಡಿತ ಅಂತ ಹೇಳಿದ್ರೆ ಕೇಸ್ ಗಟ್ಟಿ ನಿಲ್ಲುತ್ತೆ."

ಮೇಡಂ ದಿಂಬಿನ ಮೇಲೆ ತಲೆಯನ್ನು ಓರೆ ಮಾಡಿದರು. ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು.

"ಇರಬಹುದು" ಎಂದರು. "ಬಿಸಿಯಿಂದ ಹೋದ ಕಾಲು ತಣ್ಣಗಾದ ಮೇಲೆ ವಾಪಸ್ ಬರಬೇಕಿತ್ತು. ಬರಲಿಲ್ಲ. ಕಾಯಿಲೆ ತಾನಾಗೇ ಆವತ್ತು ಜಾಸ್ತಿ ಆಗೋದಿತ್ತೋ ಏನೋ. ನನಗೆ ಗೊತ್ತಿಲ್ಲ."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ಅವರು ಹೋದ ಮೇಲೆ ನಾನು ಮೇಡಂ ಮೇಲೆ ರೇಗಿದೆ. ಕೈಗೆ ಪಟ್ಟಿ ಕಟ್ಟಿತ್ತು, ಬೆರಳು ಮಿಡಿಯುತ್ತಿತ್ತು. ಏನೇನೋ ಅಂದೆ. ಅವರು ಕೇಳಿಸಿಕೊಂಡರು.

"ಗೊತ್ತಿಲ್ಲದ್ದನ್ನ ಗೊತ್ತು ಅಂದ್ಕೊಂಡವರೇ ಕಣೇ ನನ್ನ ಕೈ ಹಿಡಿದುಕೊಂಡಿದ್ದು. ನಾನೂ ಅದನ್ನೇ ಮಾಡ್ಲಾ?"

ಕೇಸು ನಿಲ್ಲಲಿಲ್ಲ. ಸಣ್ಣದೊಂದು ದಂಡದಲ್ಲಿ ಮುಗಿಯಿತು.

ಆಮೇಲಿನ ವರ್ಷಗಳನ್ನು ಅವರು ಚಿಕ್ಕಲಸಂದ್ರದಲ್ಲಿ, ತಂಗಿಯ ಮನೆಯ ಕಿಟಕಿಯ ಪಕ್ಕದ ಮಂಚದ ಮೇಲೆ ಕಳೆದರು. ಕೆಲಸ ಹೋಯಿತು. ಬೀಗದ ಕೈ, ಕಾಫಿ, ಎಲ್ಲ ಬೇರೆಯವರ ಕೈಗೆ ಹೋಯಿತು. ಭಾನುವಾರಗಳಂದು ನಾನು ಹೋಗಿ ಓದಿ ಹೇಳುತ್ತಿದ್ದೆ. ಆ ವೈರಸ್ಸನ್ನು ಬೇರೆ ಬೇರೆ ಕಡೆ ಹುಡುಕಿದವರಿಗೆ ಅದು ಸಿಗಲಿಲ್ಲ ಎಂಬ ಸುದ್ದಿಯನ್ನೂ ನಾನೇ ಓದಿದೆ. ಇಲ್ಲದ ಒಂದಕ್ಕಾಗಿ ಅವರನ್ನು ಬೇಯಿಸಿದ್ದರು. ಅವರು ಮಾತ್ರ "ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಆ ಜಾತಿಯದೇ ಇನ್ನೊಂದು ಇರಬಹುದು. ಮುಂದಕ್ಕೆ ಓದು" ಎಂದರು.

ಅಜ್ಜಿ ಅವರಿಗಿಂತ ಮೊದಲೇ ತೀರಿಕೊಂಡರು. ವಠಾರದವರಲ್ಲಿ ನಾನಲ್ಲದೆ ಬೇರೆ ಯಾರೂ ಒಂದು ದಿನವೂ ಚಿಕ್ಕಲಸಂದ್ರಕ್ಕೆ ಬಂದಿರಲಿಲ್ಲ.

ಅವರು ಹೋದ ಬೆಳಿಗ್ಗೆ ಸಂಪ್ರದಾಯದಂತೆ ಮೈ ತೊಳೆಯಲು ತಂಗಿಯ ಸೊಸೆ ನೀರು ಕಾಯಿಸಿ ಬಕೆಟ್ಟಿನಲ್ಲಿ ತಂದಿಟ್ಟಳು. ಗಂಡಸರನ್ನು ಹೊರಗೆ ಕಳಿಸಿದ್ದರು. ಆಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ತಿರುಗಿ ನೋಡಿದರೆ ಗೌರಮ್ಮ. ಸುದ್ದಿ ಹೇಗೆ ಗೊತ್ತಾಯಿತೋ, ಒಬ್ಬರೇ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೊರಗೆ ಹೋಗಿ ಎನ್ನಲು ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲಿಲ್ಲ. ಬಂದು ಬಕೆಟ್ಟಿನೊಳಗೆ ಕೈ ಅದ್ದಿದರು, ಚುರುಕ್ಕೆಂದು ಹಿಂದಕ್ಕೆ ತೆಗೆದರು. ಬಕೆಟ್ಟನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಆ ನೀರನ್ನು ಮೋರಿಗೆ ಚೆಲ್ಲಿದರು. ನಲ್ಲಿ ತಿರುಗಿಸಿದರು. ಬಕೆಟ್ಟು ತುಂಬುವವರೆಗೂ ನೀರಿನ ಕೆಳಗೆ ಕೈ ಹಿಡಿದೇ ನಿಂತಿದ್ದರು.

ತಂದು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಕೂತರು. ಚೊಂಬಿನಲ್ಲಿ ತಣ್ಣೀರು ಮೊಗೆದು, ಪಾದದ ಕಡೆಯಿಂದ ಹುಯ್ಯತೊಡಗಿದರು.